ಹಾವು ಕಡಿಯೋದು ಹೊಲದಾಗ

ಹಾವಿನ ಪ್ರತಿವಿಷದ ಸಂಶೋಧನೆ ಕುರಿತ ಲೇಖನವೊಂದರಲ್ಲಿ, ಪ್ರಯೋಗಾಲಯದ ಇಲಿಗಳ ಸುದ್ದಿಯಿಂದ ನಮ್ಮ ಸಿಂದಗಿ ಸೀಮೆಯ ಕನ್ನೊಳ್ಳಿಯಂಥ ಊರಿಗೆ ಬಂದದ್ದೇನು ಎಂದು ಲೇಖಕರು ಕೇಳಿದ್ದಾರೆ. ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡಲು ಅವರು ಹೋದವರಲ್ಲ ಅನಿಸುತ್ತದೆ. ಹಾವು ಕಡಿಯುವುದು ಅಲ್ಲೇ.

ಈಗಿನ ಪ್ರತಿವಿಷ ಕುದುರೆಯ ರಕ್ತದಿಂದ ಬರುತ್ತದೆ. ಆ ವಿಧಾನಕ್ಕೆ ನೂರು ವರ್ಷ ದಾಟಿದೆ. ಅದಕ್ಕೆ ಬೇಕಾದ ವಿಷವೋ ಬಹುಪಾಲು ತಮಿಳುನಾಡಿನ ಹಾವುಗಳದು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ತೋರಿಸಿದೆ. ಅಲ್ಲಿನ ವಿಷದಿಂದ ಮಾಡಿದ ಮದ್ದು ಇಲ್ಲಿ ಪೂರ್ತಿ ನಾಟದಿರಬಹುದು; ಇದು ಸಿಂದಗಿ ಸೀಮೆಯ ರೈತನ ಮಾತಲ್ಲದೆ ಇನ್ನಾರದು? 2024ರಲ್ಲಿ ಇದೇ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ನಾಗರಹಾವು, ಕಟ್ಟುಹಾವುಗಳ ನರವಿಷ ತಡೆಯುವ ಕೃತಕ ಪ್ರತಿಕಾಯವನ್ನು ಪ್ರಕಟಿಸಿತು. ಗೆದ್ದದ್ದು ಇಲಿಗಳಲ್ಲಿ ಮಾತ್ರ, ಕೊಳಕುಮಂಡಲಕ್ಕೆ ಅದು ಮದ್ದೂ ಅಲ್ಲ. ಅಷ್ಟರ ಮಟ್ಟಿಗೆ ಲೇಖಕರ ಅನುಮಾನ ಸರಿ.

ಮೊದಲು ಆಸ್ಪತ್ರೆ, ಆಮೇಲೆ ಸಂಶೋಧನೆ ಎಂಬ ಅವರ ವಾದ ಮಾತ್ರ ಒಪ್ಪಲಾಗದು. ಎತ್ತು ಮೊದಲೋ ನೊಗ ಮೊದಲೋ ಎಂದು ಜಗಳಾಡಿದರೆ ಹೊಲ ಬೀಳೇ. ಆಸ್ಪತ್ರೆಯ ಕಡೆಯ ಕೆಲಸವೂ ಜೊತೆಗೇ ನಡೆದಿದೆ: 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆದರೆ ಆಸ್ಪತ್ರೆಗೆ ಬರದೆ ಮಂತ್ರ ಹಾಕಿಸುತ್ತ ಕೂತವರು ಆ ಲೆಕ್ಕಕ್ಕೆ ಸಿಗುವುದಿಲ್ಲ. ಕಡಿದರೆ ಗಾಯ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನೇರ ಸಿಂದಗಿಯ ಸರ್ಕಾರಿ ದವಾಖಾನೆಗೆ ನಡೀರಿ.