ಮೈನಸ್ ಯಾವುದಕ್ಕೆ? ಗುಂಡುಸೂಜಿಯನ್ನು ಕೇಳಿ

ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಿದೆ. ಲೆಕ್ಕ ಇದು: (4, 3) ಬಿಂದುವನ್ನು ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ. ಹುಡುಗ ಬರೆದ ಉತ್ತರ (3, -4). ಅದರ ಮೇಲೆ ಕೆಂಪು ಶಾಯಿಯ ಗೆರೆ.

"ಸೂತ್ರ ಬಾಯಿಪಾಠ ಮಾಡಿರಲಿಲ್ಲವೇನೋ?" ಅಪ್ಪ ಗದರುತ್ತಾರೆ.

"ಮಾಡಿದ್ದೆ ಅಪ್ಪಾ. ಮೈನಸ್ ಯಾವುದಕ್ಕೆ ಅನ್ನೋದು ಮರೆತುಹೋಯ್ತು."

ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಇದು. ಹುಡುಗನ ನೆನಪಿನ ಶಕ್ತಿಯನ್ನು ದೂರಿ ಫಲವಿಲ್ಲ. ಕಣ್ಣಿಗೆ ಕಾಣುವುದನ್ನು ಬಾಯಿಪಾಠ ಮಾಡಲು ಹೊರಟದ್ದೇ ಎಡವಟ್ಟು.

ಒಂದು ಗ್ರಾಫ್ ಹಾಳೆ, ಒಂದು ಟ್ರೇಸಿಂಗ್ ಕಾಗದ, ಒಂದು ಗುಂಡುಸೂಜಿ ತೆಗೆದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಮೂಲಬಿಂದುವಿನಿಂದ ಬಲಕ್ಕೆ 4 ಮನೆ, ಅಲ್ಲಿಂದ ಮೇಲಕ್ಕೆ 3 ಮನೆ ಗೆರೆ ಎಳೆಯಿರಿ. ಟ್ರೇಸಿಂಗ್ ಕಾಗದವನ್ನು ಮೇಲಿಟ್ಟು ಅದೇ ಗೆರೆಗಳನ್ನು ತಿದ್ದಿ. ಈಗ ಮೂಲಬಿಂದುವಿಗೆ ಸೂಜಿ ಚುಚ್ಚಿ, ಮೇಲಿನ ಕಾಗದವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ.

ಏನಾಯಿತು? ಬಲಕ್ಕೆ ಮಲಗಿದ್ದ 4 ಮನೆಯ ಗೆರೆ ಎದ್ದು ನಿಂತಿತು. ಮೇಲಕ್ಕೆ ಹೋಗಿದ್ದ 3 ಮನೆಯ ಗೆರೆ ಎಡಕ್ಕೆ ಮಲಗಿತು. ನಿರ್ದೇಶಾಂಕಗಳಲ್ಲಿ ಎಡ-ಬಲದ ಸಂಖ್ಯೆಯನ್ನೇ ಮೊದಲು ಬರೆಯುತ್ತೇವೆ, ಎಡಕ್ಕೆ ಮೈನಸ್ ಹಾಕುತ್ತೇವೆ. ಆದ್ದರಿಂದ ಉತ್ತರ (-3, 4). ಸಂಖ್ಯೆಗಳು ಜಾಗ ಬದಲಿಸಿದ್ದೇಕೆ, ಮೈನಸ್ ಬಂದದ್ದೆಲ್ಲಿಂದ ಎರಡೂ ತಿಳಿದಂತಾಯಿತು. ಸೂಜಿಯಿಂದ ಬಿಂದುವಿಗಿರುವ ದೂರ ಮಾತ್ರ ಆಗಲೂ 5 ಮನೆ, ಈಗಲೂ 5 ಮನೆ. ತ್ರಿಭುಜವಾದರೆ ಮೂರು ಶೃಂಗಗಳಿಗೂ ಹೀಗೆಯೇ ಮಾಡಿದರಾಯಿತು. ಅದರ ಆಕಾರ, ಅಳತೆ ಕೆಡುವುದಿಲ್ಲ.

ಇನ್ನು ಹುಡುಗನ (3, -4)? ಕಾಗದವನ್ನು ಪ್ರದಕ್ಷಿಣವಾಗಿ ತಿರುಗಿಸಿ ನೋಡಿ, ಬಿಂದು ಅಲ್ಲಿಗೇ ಬರುತ್ತದೆ. ಅವನದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ!

ಅರ್ಧ ಸುತ್ತು ತಿರುಗಿಸಿದರೆ ಬಿಂದು (-4, -3)ಕ್ಕೆ ಹೋಗುತ್ತದೆ. ಎರಡೂ ಸಂಖ್ಯೆಗಳನ್ನು -1ರಿಂದ ಗುಣಿಸಿದಂತೆ. ಇನ್ನೊಂದು ಅರ್ಧ ಸುತ್ತಿಗೆ ಬಿಂದು ಹೊರಟಲ್ಲಿಗೇ ಮರಳುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಹಾಗಾದರೆ ಕಾಲು ಸುತ್ತು ಯಾವ ಸಂಖ್ಯೆಯ ಗುಣಾಕಾರ? -1ರ ವರ್ಗಮೂಲದ್ದು ಎಂದು ತೋರಿಸಿದವನು ನಾರ್ವೆಯಲ್ಲಿ ಹುಟ್ಟಿದ ಭೂಮಾಪಕ ಕ್ಯಾಸ್ಪರ್ ವೆಸೆಲ್. 1797ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದ ಅವನ ಪ್ರಬಂಧ 1799ರಲ್ಲಿ ಅಚ್ಚಾಯಿತು. 'ಕಾಲ್ಪನಿಕ' ಎನಿಸಿಕೊಂಡಿದ್ದ ಸಂಖ್ಯೆಗೆ ಹಾಳೆಯ ಮೇಲೊಂದು ಕೆಲಸ ಸಿಕ್ಕಿತು.

ತಂದೆತಾಯಂದಿರು ಇನ್ನು ಮುಂದೆ "ಸೂತ್ರ ಹೇಳು" ಎನ್ನುವ ಬದಲು "ಬಲಕ್ಕಿದ್ದದ್ದು ಈಗ ಎಲ್ಲಿಗೆ ಹೋಯಿತು?" ಎಂದು ಕೇಳಿ ನೋಡಲಿ.

ಈ ವಾರದ ಪ್ರಶ್ನೆ: (2, 5) ಬಿಂದುವನ್ನು ಪ್ರದಕ್ಷಿಣವಾಗಿ 270 ಡಿಗ್ರಿ ತಿರುಗಿಸಿದರೆ ಅದು ಎಲ್ಲಿಗೆ ಬರುತ್ತದೆ? ಕಾಗದವನ್ನು ಒಂದೇ ಒಂದು ಕಾಲು ಸುತ್ತು ತಿರುಗಿಸಿ ಉತ್ತರ ಹೇಳಬಲ್ಲಿರಾ?