ಸಕ್ಕರೆ ಅಚ್ಚಿನ ಪ್ಯಾಕೆಟ್ಟು ನಮಗೆ ಬೇಡ

ನಾವು ಸೂರತ್ತಿನಲ್ಲಿದ್ದಾಗ ಪಕ್ಕದ ಮನೆಯವರು ಪಾರ್ಸಿಗಳು. ಮಾರ್ಚ್ 21ರ ನವರೋಜ್ ಬಂತೆಂದರೆ ಆ ಮನೆಯ ಅಜ್ಜಿ ಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ ಮೊಮ್ಮಕ್ಕಳ ಮುಂದಿಡುತ್ತಿದ್ದರು. ಮಕ್ಕಳು ಅವಕ್ಕೆ ಬಣ್ಣ ಬಳಿದು, ಹೂಬಳ್ಳಿ ಬರೆದು, ಹಬ್ಬದ ಮೇಜಿನ ಮೇಲೆ ಕನ್ನಡಿಯ ಮುಂದೆ ಜೋಡಿಸುತ್ತಿದ್ದರು. (ಮೊಟ್ಟೆ ಎಂದೊಡನೆ ನಮ್ಮಲ್ಲಿ ಕೆಲವರು ಮೂಗು ಮುರಿಯುವರೆಂದು ಬಲ್ಲೆ. ನಾನು ತಿನ್ನುವ ವಿಷಯ ಹೇಳುತ್ತಿಲ್ಲ.) ಮೂಲದ ನೆಲ ಬಿಟ್ಟು ಸಾವಿರ ವರ್ಷ ಮೀರಿದ ಜನ ಅವರು. ಹಬ್ಬದ ಕೆಲಸವನ್ನು ಇನ್ನೂ ಮಕ್ಕಳ ಕೈಗೆ ಕೊಡುತ್ತಾರೆ.

ನಮ್ಮಲ್ಲಿ ಅದಕ್ಕೆ ಸಾಟಿಯಾದದ್ದು ಸಕ್ಕರೆ ಅಚ್ಚು. ಮೈಸೂರು ಕಡೆಯವರಿಗೆ ಸಂಕ್ರಾಂತಿಯ ಎಳ್ಳಿನ ಜೊತೆ. ಧಾರವಾಡ, ಬಿಜಾಪುರದ ಕಡೆಯವರಿಗೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಕಳೆದ ಸಂಕ್ರಾಂತಿಗೆ ನಮ್ಮ ಸಂಘ ಏನು ಮಾಡಿತು? ಬೆಂಗಳೂರಿನಿಂದ ಪ್ಯಾಕೆಟ್ಟು ತರಿಸಿ ಮನೆಗೊಂದರಂತೆ ಹಂಚಿತು. ನನ್ನ ಮೊಮ್ಮಗಳು ಅದರೊಳಗಿನ ಗಿಳಿಯನ್ನು ಎತ್ತಿ ಹಿಡಿದು, ಇದು ಯಾವ ಅಂಗಡಿಯ ಮಿಠಾಯಿ ಎಂದು ಹಿಂದಿಯಲ್ಲಿ ಕೇಳಿದಳು. ತಪ್ಪು ಅವಳದಲ್ಲ. ನನ್ನ ತಾಯಿ ಕೊಟ್ಟ ಮರದ ಅಚ್ಚುಗಳು ಬರೋಡದಿಂದ ಅಹಮದಾಬಾದಿಗೆ ಬಂದಾಗ ಕಟ್ಟಿದ ಗಂಟಿನಲ್ಲೇ ಅಟ್ಟದ ಮೇಲೆ ಹನ್ನೊಂದು ವರ್ಷ ಬಿದ್ದಿದ್ದವು. ಬಿಚ್ಚದವಳು ನಾನೇ.

ಆ ಕೆಲಸದಲ್ಲಿ ಏನಿದೆ ಎನ್ನುವವರು ಒಮ್ಮೆ ಮಾಡಿ ನೋಡಲಿ. ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚುತ್ತದೆ. ಎರಡು ಹೋಳು ಕೂಡಿಸಿ ದಾರ ಬಿಗಿಯುವುದು ಮಕ್ಕಳ ಕೆಲಸ. ಸಕ್ಕರೆ ಕುದಿಯುವಾಗ ಚೂರು ಹಾಲು ಬಿಟ್ಟರೆ ಕೊಳೆ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸಬೇಕು. ಪಾಕವನ್ನು ಸ್ವಲ್ಪ ಸ್ವಲ್ಪವೇ ಕಾಯಿಸಿ, ಕೈ ಬಿಡದೆ ತಿರುವಿ, ಅಂಚು ಬೆಳ್ಳಗಾದೊಡನೆ ಹೊಯ್ಯಬೇಕು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಕಲ್ಲು! ಆಮೇಲೆ ದಾರ ಬಿಚ್ಚುವಾಗ ಆನೆಯ ಸೊಂಡಿಲು ಮುರಿಯಿತೋ ಉಳಿಯಿತೋ ಎಂದು ಮನೆಯೆಲ್ಲ ಬಗ್ಗಿ ನೋಡುತ್ತದೆ. ಮುರಿದದ್ದು ಮಕ್ಕಳ ಬಾಯಿಗೆ. ಅಹಮದಾಬಾದಿನ ಜನವರಿಯ ಒಣ ಚಳಿ ಇದಕ್ಕೆ ಹೇಳಿ ಮಾಡಿಸಿದ ಹವೆ.

ಈ ಗಡಿಬಿಡಿಯಲ್ಲಿ ಬಾಯಿಗೆ ಬರುವ ಮಾತು ಯಾವುದು? "ಸೋಸು", "ತಿರುವು", "ಪಾಕ ಏರಿತು, ಬೇಗ ಹೊಯ್ಯಿ", "ದಾರ ಸಡಿಲ ಆಯ್ತು ನೋಡೋ". ಇಂಥ ಮಾತಿಗೆ ಹಿಂದಿ ಹುಡುಕಲು ಪುರಸೊತ್ತಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಬಾಯಿಪಾಠ ಒಪ್ಪಿಸಿದ ಕನ್ನಡ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಬೆರಳು ಸುಟ್ಟುಕೊಂಡು ಕಲಿತದ್ದು ಹಾಗೆ ಹೋಗುವುದಿಲ್ಲ.

"ಇಲ್ಲಿ ಉತ್ತರಾಯಣವೆಂದರೆ ಗಾಳಿಪಟ, ಮಕ್ಕಳು ತಾರಸಿ ಬಿಟ್ಟು ಇಳಿಯುವುದಿಲ್ಲ" ಎನ್ನುತ್ತಾರೆ ನಮ್ಮ ಸೊಸೆಯಂದಿರು. ಇಳಿಯುವುದು ಬೇಡ. 14, 15 ಎರಡೂ ದಿನ "ಕಾಯ್ಪೋ ಛೇ" ಎಂದು ಕೂಗಲಿ, ನಾನೂ ಕೂಗುತ್ತೇನೆ. ಅಚ್ಚಿನ ಕೆಲಸ ಹಿಂದಿನ ಭಾನುವಾರದ್ದು. ಅಷ್ಟಕ್ಕೂ ಗುಜರಾತಿಗಳನ್ನೇ ನೋಡಿ. ಸಿದ್ಧವಾದ ದಾರ ಅಂಗಡಿಯಲ್ಲಿ ಬೇಕಾದಷ್ಟಿದೆ; ಆದರೂ ಸೂರತ್ತಿನಲ್ಲಿ ತಂದೆ ಮಕ್ಕಳನ್ನು ಕರೆದುಕೊಂಡು ಹೋಗಿ, ಬೀದಿ ಬದಿಯಲ್ಲಿ ನಿಂತು, ತಮ್ಮ ಕಣ್ಣೆದುರಿಗೇ ಮಾಂಜಾ ಹಚ್ಚಿಸಿ ಫಿರ್ಕಿಗೆ ಸುತ್ತಿಸಿಕೊಂಡು ಬರುತ್ತಾರೆ. ಅವರಿಗೆ ಪುರಸೊತ್ತಿದೆ, ನಮಗಿಲ್ಲವೇ?

ಸಕ್ಕರೆ ಕಾಯಿಲೆಯ ಮಾತೆತ್ತುವವರಿಗೆ ಒಂದೇ ಉತ್ತರ: ಪ್ಯಾಕೆಟ್ಟಿನಲ್ಲಿರುವುದೂ ಸಕ್ಕರೆಯೇ.

ಆದ್ದರಿಂದ ಸಮಿತಿಯ ಮಹನೀಯರಲ್ಲಿ ನನ್ನ ಬೇಡಿಕೆ. ಬರುವ ವರ್ಷ ಪ್ಯಾಕೆಟ್ಟಿನ ಹಣದಲ್ಲಿ ಮರದ ಅಚ್ಚುಗಳನ್ನು ತರಿಸಿ, ಪುಸ್ತಕ ಭಂಡಾರದ ಪುಸ್ತಕದಂತೆ ಮನೆಮನೆಗೆ ಎರವಲು ಕೊಡಿ. ಗೌರಿ ಹುಣ್ಣಿಮೆಗೆ ಧಾರವಾಡದವರು ಒಯ್ಯಲಿ, ಸಂಕ್ರಾಂತಿಗೆ ಮೈಸೂರಿನವರು. ನಿರ್ಣಯ ಆಗುವವರೆಗೆ ನನ್ನ ಅಟ್ಟದಿಂದಿಳಿದ ಒಂಬತ್ತು ಜೊತೆ ಅಚ್ಚುಗಳಿವೆ. ಗಿಳಿಯ ಕೊಕ್ಕು ಸ್ವಲ್ಪ ಸವೆದಿದೆ. ಸಂಕ್ರಾಂತಿಯ ಹಿಂದಿನ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ಸಕ್ಕರೆ ನೀವೇ ತನ್ನಿ.