ಸರಾಸರಿ ಕೇಳಿ ಸುಮ್ಮನಾಗಬೇಡಿ



ಗಣಿತದಲ್ಲಿ ಸರಾಸರಿಯ ಪಾಠ ಬಂದಾಗ "ಇದರಿಂದ ಏನು ಉಪಯೋಗ?" ಅಂತ ನಮ್ಮ ತರಗತಿಯಲ್ಲಿ ಬಹಳ ಜನ ಕೇಳಿದರು. ನಾನೂ ಕೇಳಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಯಾಕೆಂದು ಹೇಳುತ್ತೇನೆ.

ನಮ್ಮ ಅಮ್ಮ ದಿನಾ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ. ಒಂದು ವಾರ ಹಾಲಿನ ಕಾರ್ಡು ಮಳೆಯಲ್ಲಿ ನೆನೆದು ಗುರುವಾರದ ಲೆಕ್ಕ ಅಳಿಸಿಹೋಯಿತು. ಉಳಿದದ್ದು ಹೀಗಿತ್ತು: ಸೋಮವಾರ 6 ಲೀಟರ್, ಮಂಗಳವಾರ ಆರೂವರೆ, ಬುಧವಾರ 6, ಶುಕ್ರವಾರ 7, ಶನಿವಾರ ಆರೂವರೆ, ಭಾನುವಾರ 7. ಅಮ್ಮ ಲೆಕ್ಕ ಕೇಳಿದ್ದಕ್ಕೆ ಡೇರಿಯಲ್ಲಿ "ನಿಮ್ಮದು ದಿನಕ್ಕೆ ಸರಾಸರಿ 6 ಲೀಟರ್ ಅಕ್ಕಾ" ಅಂದರಂತೆ.

ನಾನು ಗುರುವಾರದ ಜಾಗದಲ್ಲಿ 6 ಅಂತ ಬರೆದುಬಿಟ್ಟೆ. ಸರಾಸರಿ 6 ಆದರೆ ಬಿಟ್ಟುಹೋದದ್ದೂ 6 ಇರಬೇಕು ಅಂದುಕೊಂಡೆ. ಇದು ತಪ್ಪು. ಪರೀಕ್ಷೆಯಲ್ಲೂ ನಮ್ಮಲ್ಲಿ ತುಂಬಾ ಜನ ಮಾಡೋ ತಪ್ಪು ಇದೇ.

ಸರಿಯಾದ ದಾರಿ ಹೀಗಿದೆ. ಸರಾಸರಿಯನ್ನು ದಿನಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಸಿಗುತ್ತದೆ. 6 × 7 = 42. ಗೊತ್ತಿರುವ ಆರು ದಿನದ್ದು ಕೂಡಿದರೆ 39. ಕಳೆದರೆ ಉಳಿಯುವುದು 3. ಇನ್ನೊಂದು ದಾರಿಯೂ ಇದೆ. ಉಳಿದ ದಿನಗಳಲ್ಲಿ ಆರಕ್ಕಿಂತ ಹೆಚ್ಚು ಬಂದದ್ದು ಅರ್ಧ, ಒಂದು, ಅರ್ಧ, ಒಂದು, ಒಟ್ಟು 3 ಲೀಟರ್. ಅಷ್ಟೇ ಕಡಿಮೆ ಗುರುವಾರ ಬಿದ್ದಿರಬೇಕು. 6 – 3 = 3.

ಆದರೆ ಗುರುವಾರ ಎರಡು ಹೊತ್ತೂ ಕ್ಯಾನು ಹೊತ್ತವಳು ನಾನೇ! ಬೆಳಿಗ್ಗೆ 3, ಸಂಜೆ ಎರಡೂವರೆ ಲೀಟರ್ ಅಳೆದದ್ದನ್ನು ಕಣ್ಣಾರೆ ನೋಡಿದ್ದೆ. ಹಾಗಾದರೆ ಸಂಜೆಯದು ಎಲ್ಲಿ ಹೋಯಿತು? ಅಮ್ಮನ ಜೊತೆ ಹೋಗಿ ಕೇಳಿದೆ. ಪುಸ್ತಕ ತೆಗೆದು ನೋಡಿದರೆ ಸಂಜೆಯ ಮನೆ ಖಾಲಿ ಇತ್ತು. ಬರೆಯಲು ಮರೆತಿದ್ದರು. ಆಮೇಲೆ ಸರಿ ಮಾಡಿದರು. ಒಟ್ಟು ನಲವತ್ತನಾಲ್ಕೂವರೆ ಲೀಟರ್ ಆಯಿತು. ಎರಡೂವರೆ ಲೀಟರಿನ ದುಡ್ಡು ನಮಗೆ ಕಡಿಮೆಯೇನಲ್ಲ. ನಾನು 6 ಅಂತಲೇ ಬರೆದು ಸುಮ್ಮನಿದ್ದರೆ ಅದು ಹೋಗೇ ಬಿಡುತ್ತಿತ್ತು.

ಇದರಿಂದ ನನಗೆ ತಿಳಿದದ್ದು ಎರಡು. ಮೊದಲನೆಯದು, ನಾವು ಹೀಗೆ ಕಂಡುಹಿಡಿಯುವುದು ಅವರು ಎಷ್ಟು ಲೆಕ್ಕ ಹಿಡಿದರು ಎಂಬುದನ್ನು ಮಾತ್ರ. ನಿಜವಾಗಿ ಎಷ್ಟು ಹಾಕಿದೆವು ಎಂಬುದು ಸರಾಸರಿಗೆ ಗೊತ್ತಿಲ್ಲ, ನಮಗೇ ಗೊತ್ತಿರಬೇಕು. ಎರಡನೆಯದು, ಒಂದು ದಿನ ಅಳಿಸಿದರೆ ಹೀಗೆ ಸಿಗುತ್ತದೆ. ಎರಡು ದಿನ ಅಳಿಸಿದರೆ ಎರಡರ ಮೊತ್ತ ಮಾತ್ರ ಸಿಗುತ್ತದೆ, ಯಾವ ದಿನ ಎಷ್ಟು ಅಂತ ಹೇಳೋಕಾಗಲ್ಲ.

ಆದ್ದರಿಂದ ಗೆಳೆಯರೇ, ಹಾಲಾಗಲಿ, ಕೂಲಿಯಾಗಲಿ, ಮನೆಯ ಲೆಕ್ಕವನ್ನು ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಓದು ಬರಹ ಬಾರದ ಅಮ್ಮ ಅಪ್ಪಂದಿರಿಗೆ ನಾವೇ ಬರೆದುಕೊಡೋಣ. ಯಾರಾದರೂ ಬರೀ ಸರಾಸರಿ ಹೇಳಿದರೆ ಗುಣಿಸಿ, ಕೂಡಿ, ಕಳೆದು ನೋಡೋಣ. ಗುರುಗಳಲ್ಲೂ ಒಂದು ವಿನಂತಿ: ಸರಾಸರಿಯ ಲೆಕ್ಕಗಳನ್ನು ನಮ್ಮ ಮನೆಗಳ ಕಾರ್ಡಿನಿಂದಲೇ ಕೊಡಿ. ಆಗ ಯಾರೂ "ಇದರಿಂದ ಏನು ಉಪಯೋಗ?" ಅಂತ ಕೇಳುವುದಿಲ್ಲ.

ಇಂತಿ ನಿಮ್ಮವಳು,
7ನೇ ತರಗತಿಯ ವಿದ್ಯಾರ್ಥಿನಿ